ಸ್ಟಾರ್ಟರ್ ಬದಲಿಸೋ ಮುಂಚೆ ಕೇಬಲ್ ನೋಡಿ

ಡಲ್ಲಾಸ್‌ನವರಿಗೆ ಲೂಯಿಸ್‌ವಿಲ್, ಆಸ್ಟಿನ್‌ನವರಿಗೆ ಲೇಕ್ ಟ್ರಾವಿಸ್, ಹ್ಯೂಸ್ಟನ್‌ನವರಿಗೆ ಕಾನ್ರೋ ಕೆರೆ ಇಲ್ಲವೇ ಗ್ಯಾಲ್ವೆಸ್ಟನ್ ಕೊಲ್ಲಿ. ನಾಲ್ಕು ಮನೆಯವರು ಪಾಲು ಹಾಕಿ ಕೊಂಡ ಹಳೇ ದೋಣಿಯೊಂದರ ಲೆಕ್ಕ ನಾನೇ ಬರೆಯೋದು. ಅದರ ಔಟ್‌ಬೋರ್ಡ್ ಮೋಟಾರ್ ಕೀಲಿ ತಿರುಗಿಸಿದರೆ 'ಕರ್... ಕರ್...' ಅಂತ ಎಳೆದೆಳೆದು ತಿರುಗುತ್ತಿತ್ತು, ಹತ್ತುತ್ತಿರಲಿಲ್ಲ. ಒಂದು ವರ್ಕ್‌ಶಾಪ್‌ನವರು ಕೇಬಲ್ ಮುಟ್ಟಿಯೂ ನೋಡದೆ ಹೊಸ ಸ್ಟಾರ್ಟರ್‌ಗೆ 600 ಡಾಲರ್ ಎಂದು ಚೀಟಿ ಕೊಟ್ಟರು. ಕೊನೆಗೆ ಖರ್ಚಾಗಿದ್ದು 38 ಡಾಲರ್. ನೆಲದ ಕೇಬಲ್, ಅಂದರೆ ಬ್ಯಾಟರಿಯ ಮೈನಸ್‌ನಿಂದ ಇಂಜಿನ್‌ಗೆ ಹೋಗುವ ಕಪ್ಪು ಕೇಬಲ್, ಒಳಗೇ ಹಸಿರು ಕಿಲುಬು ಹಿಡಿದಿತ್ತು.

ಮಲ್ಪೆ, ಗಂಗೊಳ್ಳಿ ಕಡೆ ನಾಡದೋಣಿಯವರು ಹಗ್ಗ ಎಳೆದು ಇಂಜಿನ್ ಚಾಲೂ ಮಾಡೋದನ್ನ ಕಂಡವರಿಗೆ ಇದು ವಿಚಿತ್ರ ಅನ್ನಿಸಬಹುದು. ಇಲ್ಲಿಯ 90, 115 ಹಾರ್ಸ್‌ಪವರ್ ಮೋಟಾರ್‌ಗಳಿಗೆ ಆ ದಾರಿ ನೆಚ್ಚುವ ಹಾಗಿಲ್ಲ, ಎಲ್ಲಾ ಬ್ಯಾಟರಿ ಮೇಲೇ. ತಿರುಗುವಾಗ ಸ್ಟಾರ್ಟರ್ ನೂರಾರು ಆಂಪಿಯರ್ ಎಳೆಯುತ್ತೆ. 150 ಆಂಪಿಯರ್ ಹರಿಯುವಾಗ ಕಿಲುಬಿನಲ್ಲಿ 0.02 ಓಮ್ ಅಡ್ಡಿ ಇದ್ದರೂ 3 ವೋಲ್ಟ್ ಅಲ್ಲೇ ಸೋರಿಹೋಯಿತು. ದೀಪ ಉರಿಯುತ್ತೆ, ಹಾರ್ನ್ ಕೂಗುತ್ತೆ, ಮೋಟಾರ್ ಮಾತ್ರ ನರಳುತ್ತೆ.

ನೋಡೋದು ಹೇಗೆ? ಮೊದಲು ಗೇರ್ ನ್ಯೂಟ್ರಲ್‌ಗೆ ತನ್ನಿ, ಪ್ರೊಪೆಲ್ಲರ್ ಹತ್ತಿರ ಯಾರೂ ಇರಬಾರದು. ಪೆಟ್ರೋಲ್ ವಾಸನೆ ಬಂದರೆ ಕಿಡಿ ಏಳುವ ಯಾವ ಕೆಲಸವನ್ನೂ ಮಾಡಬೇಡಿ. ಒಂದು ಸಲಕ್ಕೆ ಹತ್ತು ಸೆಕೆಂಡ್‌ಗಿಂತ ಹೆಚ್ಚು ತಿರುಗಿಸಬೇಡಿ, ಸ್ಟಾರ್ಟರ್ ಸುಟ್ಟೀತು.

ವಿಶ್ರಾಂತಿಯಲ್ಲಿರುವ ಒಳ್ಳೆ ಬ್ಯಾಟರಿ ಮಲ್ಟಿಮೀಟರ್‌ನಲ್ಲಿ 12.6 ವೋಲ್ಟ್ ತೋರಿಸಬೇಕು. 12.2 ಅಂದರೆ ಅರ್ಧ ಖಾಲಿ, ಮೊದಲು ಚಾರ್ಜ್ ಮಾಡಿ. ತುಂಬಿದ ಮೇಲೂ ಕೀಲಿ ತಿರುಗಿಸಿದಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಮೇಲೇ ಅನುಮಾನ. ಟೆಕ್ಸಾಸ್ ಸೆಕೆ ಬ್ಯಾಟರಿಗೆ ಚಳಿಗಿಂತ ದೊಡ್ಡ ಶತ್ರು.

ಬ್ಯಾಟರಿ ಸರಿ ಇದೆಯಾ? ಹಾಗಾದರೆ ಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬಕ್ಕೆ, ಇನ್ನೊಂದು ಸ್ಟಾರ್ಟರ್‌ನ ದಪ್ಪ ವೈರ್ ಸೇರುವ ಬೋಲ್ಟ್‌ಗೆ. ಇನ್ನೊಬ್ಬರು ಕೀಲಿ ತಿರುಗಿಸಲಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ಕಂಡರೆ ಆ ದಾರಿಯಲ್ಲೇ ಸೋರಿಕೆ. ಕೇಬಲ್ ತುದಿ, ಸ್ವಿಚ್, ಸೊಲೆನಾಯ್ಡ್ ಒಂದೊಂದಾಗಿ ನೋಡುತ್ತಾ ಹೋಗಿ. ಆಮೇಲೆ ಮೈನಸ್ ಕಂಬದಿಂದ ಇಂಜಿನ್ ಬ್ಲಾಕ್‌ಗೆ ಅದೇ ಪರೀಕ್ಷೆ. ನಮ್ಮದು ಸಿಕ್ಕಿದ್ದು ಇಲ್ಲೇ, 2.1 ವೋಲ್ಟ್. ಬ್ಯಾಂಕ್ ಪಾಸ್‌ಬುಕ್ ತಾಳೆ ನೋಡೋ ಕೆಲಸಕ್ಕಿಂತ ಕಷ್ಟವೇನಿಲ್ಲ, ಮೀಟರ್ 20 ಡಾಲರ್‌ಗೆ ಸಿಗುತ್ತೆ.

ತುದಿಗಳನ್ನು ಬ್ರಷ್‌ನಲ್ಲಿ ಉಜ್ಜಿ. ಚಿಟ್ಟೆ ನಟ್ ಇದ್ದರೆ ತೆಗೆದು ನೈಲಾನ್ ಲಾಕ್ ನಟ್ ಹಾಕಿ ಸ್ಪ್ಯಾನರ್‌ನಲ್ಲಿ ಬಿಗಿಮಾಡಿ. ಅಲೆಯ ಕುಲುಕಾಟಕ್ಕೆ ಚಿಟ್ಟೆ ನಟ್ ಸಡಿಲವಾಗುತ್ತೆ.

ಇದೆಲ್ಲಾ ಸರಿಯಿದ್ದೂ ನಿಧಾನವಾದರೆ ಆಗ ಸ್ಟಾರ್ಟರ್ ಮೇಲೆ ಕಣ್ಣಿಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿದಾಗ ನೀರು ಕಂಡರೆ ಅಲ್ಲಿಗೇ ನಿಲ್ಲಿಸಿ, ಅದು ಮೆಕ್ಯಾನಿಕ್ ಕೆಲಸ.

ಬೆಳಿಗ್ಗೆ ನಿಧಾನವಾಗಿ ತಿರುಗಿದ ಮೋಟಾರ್ ನಂಬಿಕೊಂಡು ಮಕ್ಕಳ ಜೊತೆ ದೂರ ಹೋಗಬೇಡಿ. ಗ್ಯಾಲ್ವೆಸ್ಟನ್‌ನಲ್ಲಿ ಮಧ್ಯಾಹ್ನ ಗಾಳಿ ಎದ್ದು ನಡುನೀರಲ್ಲಿ ಮೋಟಾರ್ ಕೈಕೊಟ್ಟರೆ ದಡ ಸೇರೋದು ಸುಲಭವಲ್ಲ. ಟೆಕ್ಸಾಸ್ ಕಾನೂನಿನಂತೆ 26 ಅಡಿಗಿಂತ ಚಿಕ್ಕ ದೋಣಿ ಸಾಗುತ್ತಿರುವಾಗ 13 ವರ್ಷದೊಳಗಿನ ಮಕ್ಕಳು ಲೈಫ್ ಜಾಕೆಟ್ ತೊಟ್ಟೇ ಇರಬೇಕು.

ಬ್ಯಾಟರಿ ಕೊಳ್ಳುವಾಗ ಎಂಸಿಎ, ಸಿಸಿಎ ಅಂಕಿಗಳನ್ನು ಒಂದೇ ಅಂದುಕೊಳ್ಳಬೇಡಿ. ಎಂಸಿಎ 32 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ, ಸಿಸಿಎ 0 ಡಿಗ್ರಿಯಲ್ಲಿ ಅಳೆದದ್ದು. ಅದೇ ಬ್ಯಾಟರಿಗೆ ಎಂಸಿಎ ದೊಡ್ಡದಾಗಿ ಕಾಣುತ್ತೆ. ಮೋಟಾರ್ ಕೈಪಿಡಿ ಯಾವುದನ್ನು ಕೇಳುತ್ತದೋ ಅದನ್ನೇ ನೋಡಿ. ಹಳೇ ಬ್ಯಾಟರಿ ಜೊತೆಗೆ ಒಯ್ಯಿರಿ, ಕೋರ್ ಚಾರ್ಜ್ ಉಳಿಯುತ್ತೆ.