ಧೂಳಿನ ಲೆಕ್ಕ

ಹಾಸನದ ಬೂವನಹಳ್ಳಿ ಸೀಮೆಯಲ್ಲಿ ಆಲೂಗಡ್ಡೆ ಬಿತ್ತನೆಗೆ ಮುಂಚೆ ಒಣನೆಲದಲ್ಲಿ ಟ್ರ್ಯಾಕ್ಟರ್ ಓಡುವಾಗ ನೋಡಿ. ಹೆಂಟೆಚೂರು ಎಗರಿ ಅಲ್ಲೇ ಬೀಳುತ್ತದೆ. ಕೆಂಧೂಳು ಮಾತ್ರ ಗಾಳಿ ಬೀಸಿದತ್ತ ಸಾಗಿ, ಬದುವಿನಾಚೆ ಬಹಳ ಹೊತ್ತು ತೇಲುತ್ತದೆ. ವಿಮಾನ ನಿಲ್ದಾಣಕ್ಕೆಂದು ಗೊತ್ತಾದ ಈ ಊರಿನ ಬಯಲಿನಲ್ಲಿ ಬೇಸಿಗೆಯಲ್ಲೊಂದು ಹೆಲಿಕಾಪ್ಟರ್ ಇಳಿಯಿತೆನ್ನಿ. ರೆಕ್ಕೆ ತಳ್ಳಿದ ಗಾಳಿ ನೆಲಕ್ಕೆ ಬಡಿದು, ಸುತ್ತ ಹರಡಿ, ಸುರುಳಿಯಾಗಿ ಮೇಲೇಳುತ್ತದೆ. ಅದರೊಂದಿಗೆ ಎದ್ದ ಧೂಳು ಪೈಲಟ್‌ಗೆ ನೆಲವೇ ಕಾಣದಂತೆ ಮಾಡುತ್ತದೆ. ಕೊನೆಯ ಕೆಲವು ಮೀಟರುಗಳಲ್ಲಿ ಇದು ಜೀವಕ್ಕೇ ಕುತ್ತು.

ಹಾಗಾಗಿ ಇದನ್ನು ಮೊದಲು ಸಿಮ್ಯುಲೇಟರಿನಲ್ಲೇ ಎದುರಿಸಿ ಕಲಿಯುವುದು ಒಳ್ಳೆಯದು. ಎಚ್‌ಎಎಲ್ ಮತ್ತು ಕೆನಡಾದ ಸಿಎಇ ಸೇರಿ ಬೆಂಗಳೂರಿನಲ್ಲಿ ಕಟ್ಟಿದ ಹ್ಯಾಟ್ಸಾಫ್ ಕೇಂದ್ರದಲ್ಲಿ ಧ್ರುವ್ ಹೆಲಿಕಾಪ್ಟರಿಗೂ ಸಿಮ್ಯುಲೇಟರ್ ತರಬೇತಿಯಿದೆ. ಸಿಮ್ಯುಲೇಟರಿನ ಪರದೆಯ ಮೇಲೆ ಧೂಳು ಏಳುವುದು ಹೇಗೆ?

ಧೂಳಿನ ಮೋಡಕ್ಕೆ ಅಂಚಿಲ್ಲ, ಗಟ್ಟಿ ಆಕಾರವಿಲ್ಲ. ಅದನ್ನು ಒಂದೇ ವಸ್ತುವಾಗಿ ಬಿಡಿಸದೆ ಸಾವಿರಾರು ಕಣಗಳಾಗಿ ಒಡೆಯುತ್ತಾರೆ. 1982ರ ‘ಸ್ಟಾರ್ ಟ್ರೆಕ್’ ಚಿತ್ರಕ್ಕಾಗಿ ಗ್ರಹವೊಂದನ್ನು ಬೆಂಕಿ ಆವರಿಸುವುದನ್ನು ತೋರಿಸಲು ಲ್ಯೂಕಾಸ್‌ಫಿಲ್ಮ್‌ನ ವಿಲಿಯಂ ರೀವ್ಸ್ ಈ ದಾರಿ ಹಿಡಿದರು. ಮರುವರ್ಷ ಅದರ ಮೇಲೆ ಪ್ರಬಂಧ ಬರೆದರು. ಪ್ರತಿ ಕಣಕ್ಕೂ ಒಂದು ಜಾಗ, ವೇಗ, ಬಣ್ಣ, ಆಯಸ್ಸು. ಆಯಸ್ಸು ತೀರಿದ ಕಣ ಅಳಿದು, ಅದರ ಬದಲು ಹೊಸದು ಹುಟ್ಟುತ್ತದೆ.

ಸಿನಿಮಾಕ್ಕೆ ಒಂದು ಚಿತ್ರ ತಯಾರಾಗಲು ಎಷ್ಟು ಹೊತ್ತಾದರೂ ಕಾಯಬಹುದು. ಸಿಮ್ಯುಲೇಟರಿನಲ್ಲಿ ಸೆಕೆಂಡಿಗೆ 60 ಚಿತ್ರ ಬೇಕು, ಅಂದರೆ ಒಂದಕ್ಕೆ ಸಿಗುವುದು ಸುಮಾರು 17 ಮಿಲಿಸೆಕೆಂಡ್. ಅಷ್ಟರಲ್ಲಿ ಎಲ್ಲ ಕಣಗಳ ವೇಗ, ಜಾಗ ಎರಡನ್ನೂ ತಿದ್ದಬೇಕು. ಹೆಂಟೆಚೂರಿಗೆ ಇದು ಸುಲಭ: ಗುರುತ್ವದಿಂದ ಪ್ರತಿ ಚಿತ್ರಕ್ಕೆ ಅದರ ಕೆಳಮುಖ ವೇಗ ಸೆಕೆಂಡಿಗೆ 16 ಸೆಂಟಿಮೀಟರಿನಷ್ಟು ಹೆಚ್ಚುತ್ತದೆ, ಆ ವೇಗದಂತೆ ಅದು ಮುಂದೆ ಸರಿಯುತ್ತದೆ.

ತೊಡಕಿರುವುದು ನುಣ್ಣನೆ ಧೂಳಿನಲ್ಲಿ. 10 ಮೈಕ್ರಾನ್ ಅಗಲದ ಮಣ್ಣಿನ ಕಣ ನಿಂತ ಗಾಳಿಯಲ್ಲಿ ಸೆಕೆಂಡಿಗೆ ಒಂದು ಸೆಂಟಿಮೀಟರ್ ಕೂಡ ಇಳಿಯುವುದಿಲ್ಲ. ಗಾಳಿಯ ಹಿಡಿತ ಅಷ್ಟು ಬಲ; ಒಂದು ಮಿಲಿಸೆಕೆಂಡಿನೊಳಗೇ ಅದು ಗಾಳಿಯ ವೇಗಕ್ಕೆ ಬಹುಪಾಲು ಒಗ್ಗಿಬಿಟ್ಟಿರುತ್ತದೆ. ನಮ್ಮ ಹೆಜ್ಜೆಯೋ 17 ಮಿಲಿಸೆಕೆಂಡ್. ಹೆಂಟೆಚೂರಿಗೆ ಹಾಕಿದ ಲೆಕ್ಕಕ್ಕೇ ಗಾಳಿಯ ತಡೆಯ ಬಲವನ್ನೂ ಕೂಡಿಸಿ ಇದಕ್ಕೆ ಹಾಕಿದರೆ ಆ ತಡೆ ಹದ್ದುಮೀರಿ, ಕಣ ನಿಲ್ಲುವ ಬದಲು ಹಿಂದಕ್ಕೆ ಚಿಮ್ಮುತ್ತದೆ. ಪ್ರತಿ ಹೆಜ್ಜೆಗೂ ಆ ವೇಗ ಸುಮಾರು 20 ಪಟ್ಟು ಬೆಳೆದು, ನಾಲ್ಕೈದು ಚಿತ್ರಗಳಲ್ಲಿ ಧೂಳು ಪರದೆಯಿಂದಲೇ ಹಾರಿಹೋಗುತ್ತದೆ. ಬಲ ಕೂಡಿಸುವ ಗೋಜಿಗೇ ಹೋಗದೆ, ಆ ಜಾಗದ ಗಾಳಿಯ ವೇಗವನ್ನೇ ಕಣಕ್ಕೆ ಕೊಟ್ಟು, ಇಳಿಯುವ ಚೂರು ವೇಗವನ್ನು ಅದಕ್ಕೆ ಸೇರಿಸುವುದೇ ಪರಿಹಾರ. ನನಗೆ ಇದು ಬಹಳ ಇಷ್ಟ: ಲೆಕ್ಕವೂ ಹಗುರ, ನಿಸರ್ಗಕ್ಕೂ ಹತ್ತಿರ.

ಇನ್ನು ಚಿತ್ರಿಸುವುದು. ಕಣಗಳು ಮಸುಕಾದ, ಸದಾ ನೋಡುವವರತ್ತಲೇ ತಿರುಗಿರುವ ಚೌಕಗಳು. ಹೆಲಿಕಾಪ್ಟರ್ ನೆಲಕ್ಕೆ ಹತ್ತಿರವಾದಂತೆ ಅವು ಕಣ್ಣೆದುರು ಹಿಗ್ಗಿ, ಒಂದರ ಮೇಲೊಂದು ಬಿದ್ದು, ಪರದೆಯ ಒಂದೇ ಚುಕ್ಕಿಗೆ ಹತ್ತಾರು ಸಲ ಬಣ್ಣ ಬಳಿಯಬೇಕಾಗುತ್ತದೆ. ಪೈಲಟ್ ಕಣ್ಣು ನೆಟ್ಟು ನೆಲ ಹುಡುಕುವ ಗಳಿಗೆಯಲ್ಲೇ ಚಿತ್ರ ತಡವರಿಸುವ ಅಪಾಯ. ಅದಕ್ಕೆ ಧೂಳನ್ನಷ್ಟೇ ಅರ್ಧ ಅಗಲ, ಅರ್ಧ ಎತ್ತರದಲ್ಲಿ ಬರೆದು ಆಮೇಲೆ ಹಿಗ್ಗಿಸುತ್ತಾರೆ. ಕೆಲಸ ಕಾಲು ಭಾಗಕ್ಕಿಳಿಯುತ್ತದೆ. ಧೂಳಿಗೆ ಅಂಚೇ ಇಲ್ಲದ್ದರಿಂದ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ.