ಕೂಡಿಗೆ ಹಾಕುವುದೂ ಬೇಟೆಯೇ: ವನ್ಯಜೀವಿ ಕಾನೂನು ಹೇಳುವುದೇನು?

ಏಲೂರಿನ ಕಾರ್ಖಾನೆಗಳ ಬದಿಯಲ್ಲಿ ಹರಿದು ಸಮುದ್ರದತ್ತ ಸಾಗುವ ಪೆರಿಯಾರ್ ನದಿಯ ದಂಡೆಯನ್ನೇ ಹಿಡಿದು ಮೂಡಣಕ್ಕೆ ಹೋದರೆ, ಆಲುವ ಕಳೆದು, ಶಂಕರಾಚಾರ್ಯರ ಜನ್ಮಸ್ಥಳವಾದ ಕಾಲಡಿಯನ್ನೂ ದಾಟಿದ ಮೇಲೆ, ಕೋಡನಾಡ್ ಎಂಬ ಊರು ಸಿಗುತ್ತದೆ. ಕಾಲಡಿಯ ಯಾತ್ರೆಗೆ ಹೋದ ನಮ್ಮ ಕನ್ನಡ ಕುಟುಂಬಗಳಲ್ಲಿ ಹಲವರು ಮಕ್ಕಳ ಒತ್ತಾಯಕ್ಕೆ ಮಣಿದು ಅಲ್ಲಿಯ ಆನೆ ಶಿಬಿರವನ್ನೂ ನೋಡಿ ಬಂದಿರಬಹುದು. ದಪ್ಪ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಅಡ್ಡಹಾಕಿ ಕಟ್ಟಿದ ಆನೆಕೂಡು ಅಲ್ಲಿಯ ಮುಖ್ಯ ಆಕರ್ಷಣೆ. ಕಾಡಾನೆಯನ್ನು ಹಿಡಿದು ತಂದು, ಪಳಗುವವರೆಗೆ ಕೂಡಿಹಾಕುತ್ತಿದ್ದ ಸ್ಥಳವದು.

2023ರಲ್ಲಿ ಇಡುಕ್ಕಿ ಜಿಲ್ಲೆಯ ಚಿನ್ನಕ್ಕನಾಲ್ ಪ್ರದೇಶದ ‘ಅರಿಕೊಂಬನ್’ ಎಂಬ ಸಲಗಕ್ಕಾಗಿ ಇಲ್ಲಿ ಹೊಸದಾಗಿ ಕೂಡನ್ನು ಅಣಿಗೊಳಿಸಲಾಯಿತು. ಮಲೆಯಾಳದಲ್ಲಿ ‘ಅರಿ’ ಎಂದರೆ ಅಕ್ಕಿ, ‘ಕೊಂಬನ್’ ಎಂದರೆ ಕೊಂಬುಳ್ಳ ಗಂಡಾನೆ. ಪಡಿತರ ಅಂಗಡಿಗಳನ್ನೂ ಮನೆಗಳನ್ನೂ ಒಡೆದು ಅಕ್ಕಿ ತಿನ್ನುತ್ತಿದ್ದುದರಿಂದ ಆ ಹೆಸರು. (ಕನ್ನಡಿಗರ ಕಿವಿಗೆ ‘ಅರಿ’ ಎಂಬುದು ಶತ್ರು ಎಂದೇ ಕೇಳಿಸುತ್ತದೆ, ಆ ಊರಿನವರ ಪಾಲಿಗೆ ಅದೂ ತಪ್ಪಾಗಿರಲಿಲ್ಲ.) ಕೂಡು ಸಿದ್ಧವಾಯಿತು, ಕುಮ್ಕಿ ಆನೆಗಳು ಬಂದವು; ಆದರೆ ಅರಿಕೊಂಬನ್ ಕೋಡನಾಡಿಗೆ ಬರಲೇ ಇಲ್ಲ. ಕೊಚ್ಚಿಯ ಉಚ್ಚ ನ್ಯಾಯಾಲಯವು ಆ ಆನೆಯನ್ನು ಶಾಶ್ವತವಾಗಿ ಸೆರೆಯಲ್ಲಿಡಲು ಒಪ್ಪಲಿಲ್ಲ.

ಆ ದಿನಗಳಲ್ಲಿ ನಮ್ಮ ಬ್ಯಾಂಕಿನ ಕೌಂಟರಿನ ಮುಂದೆಯೂ ಇದೇ ಚರ್ಚೆ. “ಕೊಲ್ಲಬೇಡಿ ಎಂದರೆ ಅರ್ಥವಾಗುತ್ತದೆ, ಹಿಡಿದು ಕಟ್ಟಿಹಾಕಲೂ ಬಾರದೇ?” ಎಂಬುದು ಬಹುತೇಕರ ಪ್ರಶ್ನೆ. ಪ್ರಶ್ನೆ ಸಹಜವಾದುದೇ. ಅದಕ್ಕೆ ಉತ್ತರವನ್ನು ಹುಡುಕುತ್ತಾ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ನು ಓದಿದೆ. ಮೂವತ್ತು ವರ್ಷ ಸಾಲಪತ್ರಗಳನ್ನು ತಿರುವಿದವರಿಗೆ ಒಂದು ಚಾಳಿ ಅಂಟಿಕೊಂಡಿರುತ್ತದೆ. ಯಾವ ದಸ್ತಾವೇಜನ್ನಾದರೂ ವ್ಯಾಖ್ಯೆಗಳ ಪುಟದಿಂದಲೇ ಓದತೊಡಗುತ್ತೇವೆ. ಈ ಕಾಯಿದೆಯಲ್ಲಿ ಉತ್ತರವಿರುವುದೂ ಅಲ್ಲಿಯೇ.

ಎರಡನೆಯ ಕಲಮಿನ 16ನೆಯ ಉಪಕಲಂ ‘ಬೇಟೆ’ ಎಂದರೇನೆಂದು ವಿವರಿಸುತ್ತದೆ. ಕೊಲ್ಲುವುದು, ವಿಷವಿಕ್ಕುವುದು ಮಾತ್ರವೇ ಬೇಟೆಯೆಂದು ನಾವು ತಿಳಿದಿದ್ದೇವೆ. ಕಾಯಿದೆಯ ಪ್ರಕಾರ ಹಿಡಿಯುವುದು, ಬೆನ್ನಟ್ಟುವುದು, ಉರುಳು ಹಾಕುವುದು, ಬೋನಿಗೆ ಬೀಳಿಸುವುದು, ಹಾಕೆ ಹಾಕಿ ಓಡಿಸುವುದು, ಆಮಿಷ ಒಡ್ಡುವುದು, ಇವುಗಳಿಗೆ ಪ್ರಯತ್ನಿಸುವುದು ಕೂಡ ಬೇಟೆಯೇ. ಹಕ್ಕಿಯ ಅಥವಾ ಸರೀಸೃಪದ ಮೊಟ್ಟೆಗೆ ಹಾನಿ ಮಾಡಿದರೂ ಅದು ಬೇಟೆ. ಇನ್ನೂ ಮುಖ್ಯವಾದ ಮಾತೆಂದರೆ, ಇವೆಲ್ಲವೂ ‘ವನ್ಯಪ್ರಾಣಿ ಅಥವಾ ಸೆರೆಯಲ್ಲಿರುವ ಪ್ರಾಣಿ’ ಎರಡಕ್ಕೂ ಅನ್ವಯಿಸುತ್ತವೆ. 1972ರ ಮೂಲ ಪಠ್ಯದಲ್ಲಿ ಈ ಸೆರೆಪ್ರಾಣಿಯ ಮಾತು ಇರಲಿಲ್ಲ. 2003ರ ಏಪ್ರಿಲಿನಿಂದ ಜಾರಿಗೆ ಬಂದ ತಿದ್ದುಪಡಿಯ ಮೂಲಕ ಅದು ಸೇರಿತು. 2000ದ ಅಕ್ಟೋಬರಿನಲ್ಲಿ ಹೈದರಾಬಾದಿನ ನೆಹರೂ ಪ್ರಾಣಿಸಂಗ್ರಹಾಲಯದ ಆವರಣದೊಳಗೇ ಒಂದು ಹೆಣ್ಣು ಹುಲಿಯನ್ನು ಕೊಂದು ಚರ್ಮ ಸುಲಿದ ಘಟನೆ ಓದುಗರಿಗೆ ನೆನಪಿರಬಹುದು. ಕಂಬಿಗಳ ಹಿಂದಿನ ಹುಲಿಗೂ ಬೇಟೆಗಾರರಿರುತ್ತಾರೆ ಎಂದು ದೇಶಕ್ಕೆ ತಿಳಿದದ್ದು ಆಗ.

ಈ ಎರಡು ಪದಗಳು ಎಷ್ಟು ದೊಡ್ಡ ಕೆಲಸ ಮಾಡುತ್ತವೆ ಎಂಬುದು ಹೊರದೇಶಗಳತ್ತ ನೋಡಿದಾಗ ತಿಳಿಯುತ್ತದೆ. ದಕ್ಷಿಣ ಆಫ್ರಿಕದಲ್ಲಿ ಸಿಂಹಗಳನ್ನು ದೊಡ್ಡಿಗಳಲ್ಲಿ ಸಾಕಿ, ಬೇಲಿಯೊಳಗೆ ಬಿಟ್ಟು, ಹಣ ತೆತ್ತು ಬಂದ ಪ್ರವಾಸಿಗನಿಂದ ಗುಂಡು ಹಾರಿಸುವ ವ್ಯಾಪಾರವೇ ಬೆಳೆದುನಿಂತಿತು. 2021ರಲ್ಲಿ ಅಲ್ಲಿಯ ತಜ್ಞರ ಸಮಿತಿ ಇದನ್ನು ಕೊನೆಗಾಣಿಸಬೇಕೆಂದು ಶಿಫಾರಸು ಮಾಡಿದಾಗ ಸರಕಾರ ಒಪ್ಪಿತು. ಅಮೆರಿಕದಲ್ಲಿ ಇದು ಬಹುಮಟ್ಟಿಗೆ ಆಯಾ ರಾಜ್ಯದ ವಿಷಯ. ಮೊಂಟಾನಾದ ಮತದಾರರು 2000ದ ನವೆಂಬರಿನಲ್ಲಿ, ಹಣ ಪಡೆದು ಬೇಲಿಯೊಳಗಿನ ಪ್ರಾಣಿಗಳನ್ನು ಬೇಟೆಗೆ ಒಡ್ಡುವುದನ್ನು ಜನಮತದ ಮೂಲಕ ನಿಷೇಧಿಸಿದರು; ಟೆಕ್ಸಸ್‌ನಲ್ಲಿ ಬೇಲಿಯೊಳಗಿನ ಬೇಟೆ ಇಂದಿಗೂ ಒಂದು ಉದ್ಯಮ. ನಮ್ಮಲ್ಲಿ ಅಂತಹ ದೊಡ್ಡಿಗೆ ಕಾನೂನಿನಲ್ಲಿ ಎಡೆಯೇ ಇಲ್ಲ. 1991ರ ತಿದ್ದುಪಡಿಯು ಅನುಮತಿಪತ್ರ ಪಡೆದು ಮಾಡುವ ವಿನೋದದ ಬೇಟೆಯನ್ನು ಪೂರ್ತಿಯಾಗಿ ನಿಲ್ಲಿಸಿತ್ತು.

ಹಾಗೆಂದು ನಾವು ಮೊದಲಿನಿಂದಲೂ ಸಾಧುಗಳಾಗಿದ್ದೆವು ಎಂದು ಹೇಳುವಂತಿಲ್ಲ. ಮೈಸೂರು ಸಂಸ್ಥಾನದ ಖೆಡ್ಡಾ ಎಂದರೇನು? 1874ರಲ್ಲಿ ಚಾಮರಾಜನಗರದ ಬಳಿ ಜಿ.ಪಿ. ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿ ಯಶಸ್ವಿಯಾಗಿ ನಡೆಸಿ ತೋರಿಸಿದ ಈ ಪದ್ಧತಿಯಲ್ಲಿ, ನೂರಾರು ಜನರು ತಮಟೆ, ಪಂಜು, ಕೋವಿಗಳ ಸದ್ದಿನಿಂದ ಇಡೀ ಆನೆಹಿಂಡನ್ನು ಕಂದಕ ಬೇಲಿಗಳ ಆವರಣದೊಳಗೆ ನುಗ್ಗಿಸುತ್ತಿದ್ದರು. ಕಾಕನಕೋಟೆಯಲ್ಲಂತೂ ಕಬಿನಿ ಹೊಳೆಯನ್ನು ದಾಟಿಸಿ ಓಡಿಸುವ ಆ ದೃಶ್ಯವನ್ನು ಕಾಣಲು ಬ್ರಿಟಿಷ್ ರಾಜಕುಮಾರರೇ ಬಂದು ಕೂರುತ್ತಿದ್ದರು. ಕಟ್ಟಕಡೆಯ ಖೆಡ್ಡಾ ನಡೆದದ್ದು 1971ರಲ್ಲಿ. ಖೆಡ್ಡಾದ ನೆಲದ ಬಹುಭಾಗ ಇಂದು ಕಬಿನಿ ಜಲಾಶಯದ ನೀರಿನಡಿಯಲ್ಲಿದೆ. ಮೈಸೂರಿನಲ್ಲಿ ಹಿಂಡನ್ನು ಹಿಡಿದರೆ, ಕೇರಳದ ಕಾಡುಗಳಲ್ಲಿ ಒಂಟಿ ಆನೆಯನ್ನು ಹಿಡಿಯುವ ಗುಂಡಿಯ ಪದ್ಧತಿ ಬಳಕೆಯಲ್ಲಿತ್ತು: ಆನೆ ನಡೆಯುವ ದಾರಿಯಲ್ಲಿ ಆಳವಾದ ಗುಂಡಿ ತೋಡಿ, ಮೇಲೆ ಕೊಂಬೆ ಸೊಪ್ಪು ಮುಚ್ಚಿ, ಬಿದ್ದ ಆನೆಯನ್ನು ಪಳಗಿದ ಆನೆಗಳ ಸಹಾಯದಿಂದ ಎತ್ತಿ, ಕೋಡನಾಡ್ ಅಥವಾ ಕೋನ್ನಿಯ ಕೂಡಿಗೆ ಒಯ್ಯುತ್ತಿದ್ದರು. 1977ರಲ್ಲಿ ಆನೆಯನ್ನು ಕಾಯಿದೆಯ ಒಂದನೆಯ ಅನುಸೂಚಿಗೆ, ಅಂದರೆ ಅತ್ಯುನ್ನತ ರಕ್ಷಣೆಯ ಪಟ್ಟಿಗೆ, ಏರಿಸಿದ ಮೇಲೆ ಇಂತಹ ಹಿಡಿತಕ್ಕೆ ತೆರೆಬಿತ್ತು.

ಇಲ್ಲಿ ರಾಜ್ಯ ಕೇಂದ್ರಗಳ ಪಾತ್ರದ ಬಗ್ಗೆ ಒಂದು ಮಾತು. ಮೂಲ ಸಂವಿಧಾನದಲ್ಲಿ ವನ್ಯಪ್ರಾಣಿ ಪಕ್ಷಿಗಳ ರಕ್ಷಣೆ ರಾಜ್ಯಗಳ ಪಟ್ಟಿಯಲ್ಲಿತ್ತು. ಮೈಸೂರು ಸಂಸ್ಥಾನಕ್ಕೆ 1901ರಷ್ಟು ಹಿಂದೆಯೇ ಬೇಟೆ ಮತ್ತು ಮೀನುಗಾರಿಕೆಯ ನಿಯಂತ್ರಣದ ಶಾಸನವಿತ್ತು. 1972ರಲ್ಲಿ ಕೇಂದ್ರವು ಕಾಯಿದೆ ಮಾಡಲು ಸಾಧ್ಯವಾದದ್ದು ಹನ್ನೊಂದು ರಾಜ್ಯಗಳ ಶಾಸನಸಭೆಗಳು ಸಂವಿಧಾನದ 252ನೆಯ ವಿಧಿಯಡಿ ಕೇಳಿಕೊಂಡದ್ದರಿಂದ. ಆ ಹನ್ನೊಂದರಲ್ಲಿ ಮೈಸೂರೂ ಇರಲಿಲ್ಲ, ಕೇರಳವೂ ಇರಲಿಲ್ಲ; ಎರಡೂ ಅನಂತರ ಅಂಗೀಕರಿಸಿದವು. 1976ರ 42ನೆಯ ತಿದ್ದುಪಡಿಯಿಂದ ವಿಷಯವು ಸಮವರ್ತಿ ಪಟ್ಟಿಗೆ ಬಂದಿತು. ಹೀಗಾಗಿ ಕಾನೂನು ಕೇಂದ್ರದ್ದು, ಅದನ್ನು ನಡೆಸುವ ಕೈ ಆಯಾ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರದು.

ಆ ಅಧಿಕಾರಿಯ ಕೈಯಲ್ಲಿರುವ ಕಲಂ 11. ಒಂದನೆಯ ಅನುಸೂಚಿಯ ಪ್ರಾಣಿ ಮನುಷ್ಯಪ್ರಾಣಕ್ಕೆ ಅಪಾಯಕಾರಿಯಾಗಿದ್ದರೆ, ಅಥವಾ ಚೇತರಿಸಿಕೊಳ್ಳಲಾಗದಷ್ಟು ಗಾಯಗೊಂಡಿದ್ದರೆ ಯಾ ರೋಗಗ್ರಸ್ತವಾಗಿದ್ದರೆ, ಕಾರಣಗಳನ್ನು ಬರೆದು ಅವರು ಬೇಟೆಗೆ ಅನುಮತಿ ಕೊಡಬಹುದು. ಆದರೆ ಹಿಡಿಯಲು, ಅರಿವಳಿಕೆ ನೀಡಲು, ಬೇರೆಡೆಗೆ ಸಾಗಿಸಲು ಸಾಧ್ಯವಿಲ್ಲವೆಂದು ಮನವರಿಕೆಯಾಗದ ಹೊರತು ಕೊಲ್ಲುವ ಆದೇಶ ಹೊರಡಿಸುವಂತಿಲ್ಲ. ಅದರ ಬೆನ್ನಿಗೇ ಇನ್ನೊಂದು ಷರತ್ತು: ಹಿಡಿದ ಪ್ರಾಣಿಯನ್ನು ಕಾಡಿನಲ್ಲಿ ಮತ್ತೆ ನೆಲೆಗೊಳಿಸಲು ಆಗದು ಎಂದು ಕಾರಣಸಹಿತ ಬರೆದಿಡದೆ, ಅದನ್ನು ಸೆರೆಯಲ್ಲಿ ಇಟ್ಟುಕೊಳ್ಳಲೂ ಬಾರದು. ಅರಿಕೊಂಬನ್‌ನ ಪ್ರಕರಣ ನಿಂತದ್ದು ಈ ವಾಕ್ಯಗಳ ಮೇಲೆ. ನಮ್ಮ ಗ್ರಾಹಕರ ಪ್ರಶ್ನೆಗೂ ಇದೇ ಉತ್ತರ. ಕಟ್ಟಿಹಾಕುವುದು ಬೇಟೆಯ ಒಂದು ಬಗೆಯಾದುದರಿಂದ ಅದಕ್ಕೂ ಕಾರಣ ಕೊಡಬೇಕು. ತನ್ನ ಅಥವಾ ಇನ್ನೊಬ್ಬರ ಪ್ರಾಣರಕ್ಷಣೆಗಾಗಿ ಸದ್ಭಾವನೆಯಿಂದ ಕೊಂದರೆ ಅಪರಾಧವಲ್ಲ ಎಂಬ ಮಾತೂ ಇದೇ ಕಲಮಿನಲ್ಲಿದೆ. ಇದನ್ನು ಅನೇಕರು ಅರಿಯರು.

2023ರ ಏಪ್ರಿಲ್ 29ರಂದು ಅರಿಕೊಂಬನ್‌ನನ್ನು ಮಂಪರು ಕೊಟ್ಟು ಹಿಡಿದು, ಕೊರಳಿಗೆ ರೇಡಿಯೋ ಪಟ್ಟಿ ತೊಡಿಸಿ, ಪೆರಿಯಾರ್ ಹುಲಿ ರಕ್ಷಿತಾರಣ್ಯದಲ್ಲಿ ಬಿಟ್ಟರು. ಮೊದಲು ಸೂಚಿಸಿದ್ದ ಪರಂಬಿಕುಳಂ ಸುತ್ತಲಿನ ಜನ ನಮಗೆ ಬೇಡವೆಂದು ಪ್ರತಿಭಟಿಸಿದ್ದರು. ಒಂದು ತಿಂಗಳೊಳಗೆ ಆನೆ ಗಡಿ ದಾಟಿ ತಮಿಳುನಾಡಿನ ಕಂಬಂ ಪಟ್ಟಣದ ಬೀದಿಗಳಲ್ಲಿ ಕಾಣಿಸಿಕೊಂಡಿತು. ಜೂನಿನಲ್ಲಿ ತಮಿಳುನಾಡು ಅರಣ್ಯ ಇಲಾಖೆ ಅದನ್ನು ಮತ್ತೆ ಹಿಡಿದು ಕಳಕ್ಕಾಡ್ ಮುಂಡಂತುರೈ ಅರಣ್ಯಕ್ಕೆ ಸಾಗಿಸಿತು. ಸ್ಥಳಾಂತರವೆಂಬ ಮದ್ದು ಎಷ್ಟೋ ವೇಳೆ ಒಂದು ಊರಿನ ಕಷ್ಟವನ್ನು ಇನ್ನೊಂದು ಊರಿಗೆ ವರ್ಗಾಯಿಸುತ್ತದೆ. ಬ್ಯಾಂಕಿನವರಿಗೆ ಈ ಬಗೆಯ ವರ್ಗಾವಣೆ ಹೊಸದಲ್ಲ.

ಕರ್ನಾಟಕಕ್ಕೂ ಕೇರಳಕ್ಕೂ ನಡುವೆ ಇದು ನೋವಿನ ಸಂಗತಿಯಾದದ್ದು 2024ರ ಫೆಬ್ರವರಿಯಲ್ಲಿ. ಹಾಸನ ಜಿಲ್ಲೆಯಲ್ಲಿ ಸೆರೆಹಿಡಿದು ಬಂಡೀಪುರದಲ್ಲಿ ಬಿಟ್ಟಿದ್ದ ‘ತಣ್ಣೀರ್ ಕೊಂಬನ್’ ಎಂಬ ಆನೆ ಕೆಲವೇ ವಾರಗಳಲ್ಲಿ ವಯನಾಡಿನ ಮಾನಂದವಾಡಿ ಪಟ್ಟಣವನ್ನು ಹೊಕ್ಕಿತು. ಫೆಬ್ರವರಿ 2ರಂದು ಕೇರಳದವರು ಮಂಪರು ಕೊಟ್ಟು ಹಿಡಿದು ಬಂಡೀಪುರಕ್ಕೆ ಮರಳಿಸಿದರು. ಮರುದಿನ ಅದು ಸತ್ತಿತು. ವಾರ ಕಳೆಯುವಷ್ಟರಲ್ಲಿ, ಫೆಬ್ರವರಿ 10ರಂದು, ಬೇಲೂರಿನ ಕಡೆ ಹಿಡಿದು ರೇಡಿಯೋ ಪಟ್ಟಿ ಹಾಕಿ ಬಿಟ್ಟಿದ್ದ ಇನ್ನೊಂದು ಆನೆ, ‘ಬೇಲೂರು ಮಖ್ನಾ’, ಮಾನಂದವಾಡಿಯ ಸಮೀಪ ಮನೆಯ ಅಂಗಳಕ್ಕೇ ನುಗ್ಗಿ ಒಬ್ಬ ಗೃಹಸ್ಥನನ್ನು ತುಳಿದು ಕೊಂದಿತು. ಕೊರಳಪಟ್ಟಿಯ ಸಂಕೇತಗಳ ಮಾಹಿತಿ ಸಕಾಲಕ್ಕೆ ಸಿಗಲಿಲ್ಲವೆಂದು ಇಲ್ಲಿಯವರು, ಕೊಟ್ಟಿದ್ದೆವೆಂದು ಅಲ್ಲಿಯವರು. ಕರ್ನಾಟಕ ಸರಕಾರ 15 ಲಕ್ಷ ರೂಪಾಯಿಗಳ ಪರಿಹಾರ ಘೋಷಿಸಿತು. ಅದರ ಸುತ್ತ ರಾಜಕೀಯ ವಾಗ್ವಾದ ಎದ್ದಾಗ ಆ ಕುಟುಂಬ ಹಣವೇ ಬೇಡವೆಂದಿತು. ಆ ದಿನಗಳಲ್ಲಿ ಕಚೇರಿಯಲ್ಲಿ “ನಿಮ್ಮ ಆನೆ” ಎಂದು ನನ್ನನ್ನು ಉದ್ದೇಶಿಸಿ ಆಡಿದ ಮಾತು ತಮಾಷೆಯದೇ ಆಗಿದ್ದರೂ, ನಗಲು ಆಗಲಿಲ್ಲ. 2024ರ ಮಾರ್ಚ್ 10ರಂದು ಬಂಡೀಪುರದಲ್ಲಿ ಉಭಯ ರಾಜ್ಯಗಳ ಸಚಿವರು ಸೇರಿ ಮಾಹಿತಿ ವಿನಿಮಯದ ಒಡಂಬಡಿಕೆ ಮಾಡಿಕೊಂಡರು. ಒಂದು ತಿಂಗಳು ಮೊದಲು ಆಗಬಾರದಿತ್ತೇ ಎಂದು ಕೇಳುವುದು ಸುಲಭ.

ಇಷ್ಟೆಲ್ಲ ಆದ ಮೇಲೆ ಕೇರಳದಲ್ಲಿ ಕಾನೂನನ್ನೇ ಸಡಿಲಿಸಬೇಕೆಂಬ ಕೂಗು ಬಲವಾದದ್ದು ಆಶ್ಚರ್ಯವಲ್ಲ. ಕಾಡುಹಂದಿಯ ವಿಷಯದಲ್ಲಿ 2022ರಲ್ಲಿಯೇ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ಗೌರವ ಪರಿಪಾಲಕರ ಅಧಿಕಾರ ಕೊಟ್ಟು, ಪರವಾನಗಿಯುಳ್ಳ ಕೋವಿಯಿಂದ ಮಾತ್ರ ಕೊಲ್ಲಲು ಅವಕಾಶ ಮಾಡಲಾಗಿತ್ತು. ವಿಷ, ಸಿಡಿಮದ್ದು, ವಿದ್ಯುತ್ ತಂತಿ ಕೂಡದು. ಕಾಡುಹಂದಿಯನ್ನು ಉಪದ್ರವಕಾರಿ ಪ್ರಾಣಿಯೆಂದು ಸಾರಬೇಕೆಂಬ ಕೇರಳದ ಬೇಡಿಕೆಗೆ ಕೇಂದ್ರ ಒಪ್ಪಿರಲಿಲ್ಲ. ಹೀಗಾಗಿ 2025ರ ಅಕ್ಟೋಬರ್ 8ರಂದು ಕೇರಳ ವಿಧಾನಸಭೆ ತನ್ನದೇ ತಿದ್ದುಪಡಿ ಮಸೂದೆಯನ್ನು ಅಂಗೀಕರಿಸಿತು. ಜನವಸತಿಯಲ್ಲಿ ಮನುಷ್ಯರನ್ನು ತೀವ್ರವಾಗಿ ಗಾಯಗೊಳಿಸಿದ ಪ್ರಾಣಿಯನ್ನು ಕೊಲ್ಲಲು ತಡವಿಲ್ಲದೆ ಆದೇಶ ಕೊಡುವ ಅಧಿಕಾರ, ಎರಡನೆಯ ಅನುಸೂಚಿಯ ಪ್ರಾಣಿಗಳನ್ನು ಉಪದ್ರವಕಾರಿಯೆಂದು ರಾಜ್ಯವೇ ಸಾರುವ ಅಧಿಕಾರ ಅದರ ತಿರುಳು. ಕೇಂದ್ರದ ಕಾಯಿದೆಗೆ ವಿರುದ್ಧವಾಗುವ ರಾಜ್ಯದ ತಿದ್ದುಪಡಿ ಆ ರಾಜ್ಯದಲ್ಲಿ ನಡೆಯಬೇಕಾದರೆ ಸಂವಿಧಾನದ 254ನೆಯ ವಿಧಿಯಂತೆ ರಾಷ್ಟ್ರಪತಿಗಳ ಅಂಕಿತ ಬೇಕು. ವೈಯಕ್ತಿಕವಾಗಿ ಹೇಳುವುದಾದರೆ, ತೋಟದ ಬದುವಿನಲ್ಲಿ ಮಗುವನ್ನು ಶಾಲೆಗೆ ಕಳುಹಿಸುವ ವಯನಾಡಿನ ತಾಯಿಗೆ, ಕೊಚ್ಚಿಯ ಐದನೆಯ ಅಂತಸ್ತಿನಲ್ಲಿ ಕುಳಿತ ನಾನು ತಾಳ್ಮೆಯ ಪಾಠ ಹೇಳಲಾರೆ. ಆದರೂ ಕಾರಣವನ್ನು ಬರೆದಿಡಬೇಕೆಂಬ ನಿಯಮ ಮಾತ್ರ ಉಳಿಯಲಿ ಎಂದು ಬಯಸುತ್ತೇನೆ. ಬರೆದ ಕಾರಣವನ್ನು ನ್ಯಾಯಾಲಯ ಪರಿಶೀಲಿಸಬಹುದು. ಬಾಯಿಮಾತಿನ ಆದೇಶವನ್ನು ಯಾರು ಪರಿಶೀಲಿಸುವರು?

ಕೋಡನಾಡಿನ ಕೂಡು ಕೂಡ ಖಾಲಿಯಾಗಿಯೇ ಉಳಿಯಲಿಲ್ಲ. 2025ರ ಫೆಬ್ರವರಿಯಲ್ಲಿ ಅತಿರಪ್ಪಳ್ಳಿಯ ಕಾಡಿನಲ್ಲಿ ತಲೆಯ ಮೇಲೆ ಆಳವಾದ ಹುಣ್ಣಿನಿಂದ ನರಳುತ್ತಿದ್ದ ಒಂದು ಸಲಗವನ್ನು ಚಿಕಿತ್ಸೆಗಾಗಿ ಹಿಡಿದು ಇಲ್ಲಿಗೆ ತಂದರು. ಈ ಬಾರಿ ಸೆರೆಯ ಉದ್ದೇಶ ಕಾಪಾಡುವುದೇ ಆಗಿತ್ತು. ಎರಡು ದಿನಗಳಲ್ಲಿ, ಫೆಬ್ರವರಿ 21ರಂದು, ಅದು ಕೂಡಿನಲ್ಲಿಯೇ ಪ್ರಾಣಬಿಟ್ಟಿತು.

ಕೊನೆಯದಾಗಿ, ನಮ್ಮ ಮನೆಗಳಿಗೆ ನೇರವಾಗಿ ಸಂಬಂಧಿಸಿದ ಒಂದು ವಿಷಯ. ಕಾಡಾನೆಯನ್ನು ಯಾರೂ ಮನೆಯಲ್ಲಿ ಕಟ್ಟಿಕೊಳ್ಳುವುದಿಲ್ಲ. ಪಂಜರದ ಗಿಳಿ ಮಾತ್ರ ಎಷ್ಟೋ ಮನೆಗಳಲ್ಲಿದೆ. ನನ್ನ ಬಾಲ್ಯದಲ್ಲಿ ಊರಿನ ಮನೆಯ ಜಗಲಿಯಲ್ಲೂ ಒಂದಿತ್ತು, ‘ರಾಮ ರಾಮ’ ಎನ್ನುತ್ತಿತ್ತು, ಅದು ತಪ್ಪೆಂದು ಯಾರಿಗೂ ತೋರಿರಲಿಲ್ಲ. ನಮ್ಮ ನಾಡಿನ ಹಸಿರು ಗಿಳಿ 2023ರ ಏಪ್ರಿಲಿನಿಂದ ಜಾರಿಯಲ್ಲಿರುವ ಹೊಸ ಅನುಸೂಚಿಗಳಲ್ಲಿ ಎರಡನೆಯದರಲ್ಲಿದೆ. ಅದೃಷ್ಟಕ್ಕೆಂದು ತೊಟ್ಟಿಯಲ್ಲಿ ಇಡುವ ನಕ್ಷತ್ರ ಆಮೆಯಾದರೋ ಒಂದನೆಯದರಲ್ಲಿ. ಒಂದನೆಯ ಅನುಸೂಚಿಯ ಪ್ರಾಣಿಯ ಕುರಿತ ಅಪರಾಧಕ್ಕೆ ಮೂರರಿಂದ ಏಳು ವರ್ಷಗಳ ಸೆರೆ, 25 ಸಾವಿರ ರೂಪಾಯಿಗೆ ಕಡಿಮೆಯಿಲ್ಲದ ದಂಡ. ಅಂಗಡಿಯಲ್ಲಿ ದೊರೆಯುವ, ವಿದೇಶೀ ಮೂಲದ ಬಡ್ಜರಿಗಾರ್ ಹಕ್ಕಿಗಳು ಈ ಪಟ್ಟಿಗೆ ಸೇರುವುದಿಲ್ಲ. ತಿರುವನಂತಪುರದ ಪ್ರಾಣಿಸಂಗ್ರಹಾಲಯಕ್ಕೆ ಮೊಮ್ಮಕ್ಕಳೊಡನೆ ಹೋದವರೂ ನೆನಪಿಡಬೇಕು: ಅಲ್ಲಿ ಪ್ರಾಣಿಗಳನ್ನು ಕೆಣಕುವುದು, ತಿಂಡಿ ಎಸೆಯುವುದು ಆರು ತಿಂಗಳವರೆಗಿನ ಸೆರೆವಾಸಕ್ಕೆ ಗುರಿಮಾಡಬಲ್ಲ ಅಪರಾಧ.

ಮನೆಯಲ್ಲಿ ಗಿಳಿಯಿದ್ದವರು ಈ ಲೇಖನ ಓದಿ ಗಾಬರಿಯಿಂದ ಕೂಡಲೇ ಪಂಜರದ ಬಾಗಿಲು ತೆರೆಯುವುದು ಬೇಡ. ರೆಕ್ಕೆ ಕತ್ತರಿಸಿದ, ತಾನಾಗಿ ಆಹಾರ ಹುಡುಕಿ ಅರಿಯದ ಗಿಳಿ ಕಾಗೆಗಳಿಗೋ ಬೆಕ್ಕಿಗೋ ತುತ್ತಾಗುತ್ತದೆ. ಸಮೀಪದ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಿ ಒಪ್ಪಿಸುವುದೇ ಸರಿಯಾದ ದಾರಿ.