ಉಕ್ಕಿನ ಸೂರು

ಬೆಸುಗೆ ಎಂಬುದು ನಮ್ಮ ಭಾಷೆಯ ಹಳೆಯ ಮಾತುಗಳಲ್ಲೊಂದು. ಲೋಹಕ್ಕೆ ಲೋಹ ಕೂಡುವುದಕ್ಕೂ ಮನಸ್ಸಿಗೆ ಮನಸ್ಸು ಕೂಡುವುದಕ್ಕೂ ಕನ್ನಡಿಗರು ಇದೊಂದೇ ಮಾತು ಸಾಕೆಂದುಕೊಂಡರು. ಎರಡನೆಯ ಅರ್ಥವನ್ನು ಕವಿಗಳು ಬೇಕಾದಷ್ಟು ಹಾಡಿದ್ದಾರೆ. ಮೊದಲನೆಯದರ ಕಡೆಗೆ ಸಾಹಿತ್ಯದ ವಿದ್ಯಾರ್ಥಿಗಳ ದೃಷ್ಟಿ ಹರಿಯುವುದು ವಿರಳ. ಕುಲುಮೆಯ ಕೆಲಸದಲ್ಲಿ ವಿಚಾರಕ್ಕೆ ಆಹಾರವೇನಿದೆ ಎಂದು ಕೇಳುವವರೂ ಉಂಟು. ಅಂಥವರಿಗಾಗಿ ಒಂದು ಉದಾಹರಣೆಯನ್ನು ಎತ್ತಿಕೊಳ್ಳುತ್ತೇನೆ: ಹಳೆಯ ಸ್ಪೋರ್ಟ್ಸ್ ಕಾರೊಂದರ ಮಡ್‌ಗಾರ್ಡನ್ನು ಕೊಯ್ದು, ಅದಕ್ಕೆ ಇನ್ನೂ ಅಗಲವಾದ ಉಕ್ಕಿನ ಅಂಚನ್ನು ಬೆಸೆಯುವ ಕೆಲಸ. ಈ ಅಂಚಿಗೆ ಆ ಕಸಬಿನವರು ಫ್ಲೇರ್ ಎನ್ನುತ್ತಾರೆ. ಗೋಡೆಯನ್ನು ದಾಟಿ ಚಾಚಿಕೊಂಡು ಮಳೆಯ ನೀರನ್ನು ದೂರಕ್ಕೆ ಸುರಿಸುವ ಸೂರನ್ನು ಕಂಡವರಿಗೆ ಇದರ ರೂಪ ಅಪರಿಚಿತವಲ್ಲ. ಚಕ್ರದ ಮೇಲಿನ ಸೂರು ಎಂದು ತಿಳಿದುಕೊಂಡರಾಯಿತು.

ಜರ್ಮನಿಯ ಪೋರ್ಷೆ ೯೧೧ ಎಂಬ ಕಾರಿನ ಚರಿತ್ರೆಯಲ್ಲಿ ಈ ಸೂರಿನ ಕಥೆ ಸ್ಪಷ್ಟವಾಗಿ ಕಾಣುತ್ತದೆ. ೧೯೬೩ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ ಈ ಕಾರು ೯೦೧ ಎಂಬ ಹೆಸರಿನಿಂದ ಮೊದಲಿಗೆ ಕಾಣಿಸಿಕೊಂಡಿತು. ನಡುವೆ ಸೊನ್ನೆಯುಳ್ಳ ಮೂರಂಕಿಯ ಹೆಸರುಗಳು ತನ್ನವೆಂದು ಫ್ರಾನ್ಸಿನ ಪೆಜೋ ಕಂಪೆನಿ ತಕರಾರು ಎತ್ತಿದ್ದರಿಂದ ಮರುವರ್ಷ ಸೊನ್ನೆ ಹೋಗಿ ಒಂದು ಬಂದು ಕುಳಿತಿತು. (ಒಂದು ಸೊನ್ನೆಗಾಗಿಯೂ ಜಗಳವಾಡಬಹುದೆಂಬುದನ್ನು ನಮ್ಮ ಪಾಠಾಂತರದ ಪಂಡಿತರು ಸುಲಭವಾಗಿ ಒಪ್ಪಿಯಾರು.) ಇದರ ರೂಪವನ್ನು ಕಲ್ಪಿಸಿದವನು ಮನೆತನದ ಕುಡಿಯಾದ ಫರ್ಡಿನಾಂಡ್ ಅಲೆಕ್ಸಾಂಡರ್ ಪೋರ್ಷೆ. ಆಗ ಅದು ಸಪೂರವಾದ ಕಾರು. ರಿಮ್ಮಿನ ಅಗಲ ನಾಲ್ಕೂವರೆ ಅಂಗುಲ ಮಾತ್ರ. ಒಡಲಿನ ಗೆರೆ ಮುಂದಿನ ದೀಪದಿಂದ ಹಿಂದಿನ ಬಂಪರಿನವರೆಗೆ ಎಲ್ಲಿಯೂ ತಡೆಯದೆ ಹರಿಯುತ್ತಿತ್ತು.

ಆದರೆ ಎಂಜಿನ್ನಿನ ಬಲ ವರ್ಷದಿಂದ ವರ್ಷಕ್ಕೆ ಏರಿತು. ಬಲವನ್ನು ನೆಲಕ್ಕೆ ಮುಟ್ಟಿಸುವುದು ಟೈರು. ಬಲ ಹೆಚ್ಚಿದಂತೆ ಟೈರೂ ಅಗಲವಾಗಲೇಬೇಕು. ೧೯೬೯ರ ಮಾದರಿಯಲ್ಲಿ ಆರಂಗುಲದ ರಿಮ್ಮಿಗಾಗಿ ಚಕ್ರದ ಕಮಾನುಗಳು ತುಸುವೇ ಉಬ್ಬಿದವು. ಈ ಕಾರಿನ ಎಂಜಿನ್ ಇರುವುದು ಹಿಂಬದಿಯಲ್ಲಿ. ಭಾರವೆಲ್ಲ ಹಿಂದಿನ ಗಾಲಿಗಳ ಮೇಲೆ. ಆದ್ದರಿಂದ ೧೯೭೨ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನಲ್ಲಿ ತೋರಿಸಿದ ಕರೇರಾ ಆರ್‌ಎಸ್ ೨.೭ ಎಂಬ ಮಾದರಿಗೆ ಮುಂದೆ ಆರಂಗುಲದ ರಿಮ್ಮಾದರೆ ಹಿಂದೆ ಏಳಂಗುಲದ್ದು. ಅದಕ್ಕೆ ತಕ್ಕಂತೆ ಹಿಂದಿನ ಮಡ್‌ಗಾರ್ಡುಗಳು ಉಕ್ಕಿನಲ್ಲಿಯೇ ಅಗಲಗೊಂಡವು. ಪಂದ್ಯದ ನಿಯಮಕ್ಕಾಗಿ ೫೦೦ ಕಾರುಗಳನ್ನು ಮಾಡಿದರೆ ಸಾಕಾಗಿತ್ತು. ಬೇಡಿಕೆ ಎಷ್ಟಾಯಿತೆಂದರೆ ೧೫೮೦ ಕಾರುಗಳು ಹೊರಬಂದವು. ಅದರಿಂದಲೇ ಹುಟ್ಟಿದ ಆರ್‌ಎಸ್‌ಆರ್ ಎಂಬ ಪಂದ್ಯದ ಕಾರಿಗೆ ಮುಂದೆ ಒಂಬತ್ತು, ಹಿಂದೆ ಹನ್ನೊಂದು ಅಂಗುಲದ ಚಕ್ರಗಳು. ೧೯೭೩ರಲ್ಲಿ ಸಿಸಿಲಿಯ ಬೆಟ್ಟದ ಹಾದಿಗಳಲ್ಲಿ ನಡೆದ ಟಾರ್ಗಾ ಫ್ಲೋರಿಯೊ ಪಂದ್ಯವನ್ನು ಗೆದ್ದದ್ದು ಇಂಥದೊಂದು ಕಾರು.

ಚಕ್ರಕ್ಕೆ ಬೇಕಾಯಿತು, ಆಮೇಲೆ ಮೈ ಉಬ್ಬಿತು. ಈ ಕ್ರಮವನ್ನು ಗಮನಿಸಬೇಕು. ಕ್ಷೇಮೇಂದ್ರ ಔಚಿತ್ಯವೆಂದು ಕರೆದುದು ಇಲ್ಲಿ ಉಕ್ಕಿನಲ್ಲಿಯೇ ಕಾಣಸಿಗುತ್ತದೆ. ಆ ಹಿಂಬದಿಯ ಉಬ್ಬು ಚೆಲುವಾಗಿ ತೋರುವುದಕ್ಕೆ ಅದರೊಳಗೆ ತುಂಬಿ ನಿಂತ ಟೈರೇ ಕಾರಣ. ಅಗಲವಾದ ಸೂರಿನ ಕೆಳಗೆ ಸಪೂರದ ಚಕ್ರವನ್ನು ಒಳಕ್ಕೆ ನಿಲ್ಲಿಸಿ ನೋಡಿ: ಅಣ್ಣನ ಅಂಗಿಯನ್ನು ತೊಟ್ಟ ತಮ್ಮನಂತೆ ಕಾಣುತ್ತದೆ.

ಮೂಲದ ಈ ಔಚಿತ್ಯವನ್ನು ಅನುಕರಣೆ ಮರೆತುಬಿಟ್ಟಿತು. ೧೯೭೪ರಲ್ಲಿ ಟರ್ಬೊ ಎಂಬ ಮಾದರಿ ಇನ್ನೂ ವಿಶಾಲವಾದ ಸೊಂಟದೊಡನೆ ಪ್ರಕಟವಾಯಿತು. ಅದನ್ನು ಕೊಳ್ಳಲಾರದವರು ತಮ್ಮ ಹಳೆಯ ಸಪೂರ ಕಾರುಗಳನ್ನು ಕೊಯ್ದು ಟರ್ಬೊವಿನ ಅಂಚುಗಳನ್ನು ಬೆಸೆಯಿಸಿಕೊಳ್ಳತೊಡಗಿದರು. ಎಂಬತ್ತರ ದಶಕದಲ್ಲಿ ಯೂರೋಪು ಅಮೆರಿಕಗಳಲ್ಲಿ ಇದು ದೊಡ್ಡ ಮೋಜು. ಹಳೆಯ ಕಾರಿಗೆ ಆಗ ಬೆಲೆಯಿರಲಿಲ್ಲ. ಕೊಯ್ಯುವವನ ಕೈ ನಡುಗಲಿಲ್ಲ. ಕಾಲಚಕ್ರ ತಿರುಗಿತು. ಮೊದಲ ಹತ್ತು ವರ್ಷಗಳ ಸಪೂರ ೯೧೧ ಈಗ ಸಂಗ್ರಾಹಕರ ಕಣ್ಮಣಿ. ಅಂದು ಬೆಸೆದ ಅಗಲದ ಉಕ್ಕನ್ನು ಕಿತ್ತು ಸಪೂರದ ಮಡ್‌ಗಾರ್ಡನ್ನು ಮರಳಿ ಬೆಸೆಯುವುದೇ ಇಂದು ಹಲವು ಕಾರ್ಖಾನೆಗಳ ಕಸಬಾಗಿದೆ. ತಂದೆ ಕೊಟ್ಟ ದುಡ್ಡಿನಲ್ಲಿ ಕೊಯ್ದದ್ದನ್ನು ಮಗ ಅದರ ಹತ್ತು ಪಾಲು ತೆತ್ತು ಹೊಲಿಯಿಸುತ್ತಿದ್ದಾನೆಂದರೆ ತೀರ ಅತಿಶಯೋಕ್ತಿಯಾಗದು.

ಇಷ್ಟನ್ನು ಕೇಳಿದ ಮೇಲೆ, ಹಳೆಯ ಕಾರಿನ ಮೈಯನ್ನು ಮುಟ್ಟಲೇಬಾರದೆಂದು ತೀರ್ಪು ಕೊಡುವುದು ಸುಲಭ. ಆದರೆ ಆ ತೀರ್ಪಿಗೆ ಎದುರಾಗಿ ತುಕ್ಕು ಸಾಕ್ಷಿ ನುಡಿಯುತ್ತದೆ. ೧೯೭೬ರ ಮಾದರಿಯಿಂದೀಚೆಗೆ ಪೋರ್ಷೆಯವರು ಒಡಲಿನ ಉಕ್ಕಿಗೆ ಸತುವಿನ ಲೇಪವನ್ನು ಕೊಟ್ಟರು. ಅದಕ್ಕೆ ಹಿಂದಿನವುಗಳಿಗೆ ಬಣ್ಣವೇ ಕವಚ. ಚಕ್ರದ ಕಮಾನಿನ ಅಂಚಿನಲ್ಲಿ ಹೊರಗಿನ ತಗಡೂ ಒಳಗಿನ ತಗಡೂ ಮಡಿಸಿಕೊಂಡು ಕೂಡುತ್ತವೆ. ಚಕ್ರ ಎರಚಿದ ಕೆಸರು ಆ ಮಡಿಕೆಯಲ್ಲಿ ಕೂತು, ಚಳಿಗಾಲದಲ್ಲಿ ರಸ್ತೆಗೆ ಚೆಲ್ಲಿದ ಉಪ್ಪು ಅದರೊಡನೆ ಸೇರಿ, ಒಳಗಿನಿಂದ ತಿನ್ನುತ್ತ ಬರುತ್ತದೆ. ಹೊರಗೆ ಬಣ್ಣದಲ್ಲೊಂದು ಗುಳ್ಳೆ ಎದ್ದಿತೆಂದರೆ ಒಳಗೆ ಉಕ್ಕು ಮುಗಿದಿದೆಯೆಂದೇ ಅರ್ಥ. ಅಂಥ ಕಾರಿನಲ್ಲಿ ಕಮಾನನ್ನು ಹೇಗೂ ಕೊಯ್ಯಲೇಬೇಕು, ಹೊಸ ಉಕ್ಕನ್ನು ಹೇಗೂ ಬೆಸೆಯಲೇಬೇಕು. ಬೆಸೆಯುವುದು ಸಪೂರದ್ದೋ ಅಗಲದ್ದೋ ಎಂಬ ಆಯ್ಕೆ ಆಗ ನ್ಯಾಯವಾಗಿಯೇ ಒಡೆಯನದು. ನನ್ನ ಪಕ್ಷವಿಷ್ಟು: ಗೆದ್ದಲು ತಿಂದ ಓಲೆಗರಿಯಲ್ಲಿ ಬಿಟ್ಟುಹೋದ ಅಕ್ಷರವನ್ನು ಊಹಿಸಿ ತುಂಬುವ ಸಂಪಾದಕನಿಗೆ ಅಧಿಕಾರವುಂಟು, ನೆಟ್ಟಗಿರುವ ಗರಿಯನ್ನು ತನ್ನ ಪದ್ಯಕ್ಕೆ ಎಡೆಮಾಡಲೆಂದು ಕತ್ತರಿಸುವವನಿಗೆ ಇಲ್ಲ.

ಇನ್ನು ಕೆಲಸದ ಕ್ರಮ. ಮುಂದಿನ ಮಡ್‌ಗಾರ್ಡು ಈ ಕಾರಿನಲ್ಲಿ ಬೋಲ್ಟಿನಿಂದ ಬಿಗಿದದ್ದು, ಬಿಚ್ಚಬಹುದು, ಬದಲಾಯಿಸಬಹುದು. ಹಿಂದಿನದು ಒಡಲಿಗೇ ಬೆಸೆದುಕೊಂಡದ್ದು. ನಿಜವಾದ ಪರೀಕ್ಷೆ ಅಲ್ಲಿ. ಮೊದಲು ಕಾರನ್ನು ಸಮತಟ್ಟಾದ ನೆಲದ ಮೇಲೆ ಅಲುಗದಂತೆ ನಿಲ್ಲಿಸಬೇಕು. ಬ್ಯಾಟರಿಯ ತಂತಿಗಳನ್ನು ಕಳಚಬೇಕು. ಪೆಟ್ರೋಲ್ ಟ್ಯಾಂಕು ಮುಂಬದಿಯಲ್ಲಿದೆಯಲ್ಲ ಎಂದು ಹಿಂದೆ ಕಿಡಿ ಹಾರಿಸುತ್ತ ನಿಶ್ಚಿಂತನಾಗಿರುವಂತಿಲ್ಲ. ಎಂಜಿನ್ನಿನ ವರೆಗೂ ಪೆಟ್ರೋಲಿನ ಕೊಳವೆ ಬಂದಿರುತ್ತದೆ. ಆಮೇಲೆ, ಹಾಕಬೇಕೆಂದಿರುವ ಚಕ್ರವನ್ನೇ ಜೋಡಿಸಿ, ಕಾರು ಹಳ್ಳಕ್ಕೆ ಬಿದ್ದಾಗ ಅದು ಎಷ್ಟು ಮೇಲಕ್ಕೆ ಏರೀತೆಂಬುದನ್ನು ಎತ್ತಿಳಿಸಿ ನೋಡಬೇಕು. ಕಣ್ಣಳತೆಯಲ್ಲಿ ಚೆಲುವಾಗಿ ಕೂಡಿಸಿದ ಸೂರು ಮೊದಲ ಹಳ್ಳದಲ್ಲಿಯೇ ಟೈರನ್ನು ಸೀಳಿದರೆ ಆ ಚೆಲುವಿನಿಂದ ಯಾರಿಗೇನು ಪ್ರಯೋಜನ?

ಅಚ್ಚೊತ್ತಿ ತಯಾರಿಸಿದ ಉಕ್ಕಿನ ಅಂಚನ್ನು ಹಳೆಯ ಮಡ್‌ಗಾರ್ಡಿನ ಮೇಲಿಟ್ಟು, ಅದರ ಮೇಲಂಚಿನ ಗುಂಟ ಮೊನೆಯಾದ ಕಡ್ಡಿಯಿಂದ ಗೆರೆ ಗೀಚುತ್ತಾರೆ. ಒಂದು ಪಕ್ಕದ ರಟ್ಟಿನ ಅಚ್ಚನ್ನು ತಿರುವಿ ಇನ್ನೊಂದು ಪಕ್ಕಕ್ಕೆ ಹಿಡಿದು ತಾಳೆ ನೋಡುತ್ತಾರೆ. ಕೊಯ್ಯುವಾಗ ಗೆರೆಗಿಂತ ಕೆಳಗೆ ಕೊಯ್ದು, ಬಳಿಕ ಅರದಿಂದ ತೀಡಿ ಗೆರೆಯನ್ನು ಮುಟ್ಟುವುದು ಜಾಣತನ. ಹೊರಗಿನ ತಗಡನ್ನು ಕೊಯ್ದಾಗ ಒಳಗಿನ ತಗಡು ಒಂಟಿಯಾಗಿ ನಿಲ್ಲುತ್ತದೆ. ಅದನ್ನು ಬೆರಳುಬೆರಳಾಗಿ ಸೀಳಿ, ಸುತ್ತಿಗೆಯಿಂದ ಹೊರಕ್ಕೆ ಬಾಗಿಸಿ, ಹೊಸ ಅಂಚಿಗೆ ತಾಗಿಸಿ, ನಡುವಣ ಸಂದುಗಳಿಗೆ ತಗಡಿನ ತುಣುಕುಗಳನ್ನು ತುಂಬಿ ಬೆಸೆಯಬೇಕು. ನೋಡುವವರ ಕಣ್ಣಿಗೆ ಈ ಭಾಗ ಎಂದೂ ಬೀಳುವುದಿಲ್ಲ. ಅವಸರದ ಕೆಲಸಗಾರನು ಇದನ್ನು ಬಿಟ್ಟು ಹೊರಗಿನದನ್ನು ಮಾತ್ರ ಅಂಟಿಸಿ ಕೈತೊಳೆದುಕೊಂಡರೆ ಒಡಲಿನ ಒಂದು ಕಟ್ಟೇ ಸಡಿಲವಾಗಿಬಿಡುತ್ತದೆ. ನೀರಿಗೆ ಬಾಗಿಲು ತೆರೆದಿಟ್ಟಂತೆಯೂ ಆಗುತ್ತದೆ.

ಕೂಡಿಸುವುದರಲ್ಲಿ ಎರಡು ಮಾರ್ಗಗಳಿವೆ. ಒಂದರ ಮೇಲೊಂದನ್ನು ಹೊದಿಸಿ ಬೆಸೆಯುವುದು ಸುಲಭ. ಆದರೆ ಆ ಎರಡು ಪದರಗಳ ನಡುವೆ ತೇವ ಮನೆಮಾಡಿಕೊಳ್ಳುತ್ತದೆ, ತುಕ್ಕಿನ ಹಳೆಯ ಕಥೆ ಮತ್ತೆ ಮೊದಲಾಗುತ್ತದೆ. ಅಂಚಿಗೆ ಅಂಚು ತಾಗಿಸಿ ಬೆಸೆಯುವುದು ಕಷ್ಟ, ಅದೇ ಸರಿಯಾದುದು. ತಗಡಿನ ದಪ್ಪ ಸುಮಾರು ಒಂದು ಮಿಲಿಮೀಟರು. ಉಕ್ಕು ಕರಗುವುದು ಸುಮಾರು ೧೫೦೦ ಡಿಗ್ರಿಯಲ್ಲಿ. ಅಷ್ಟು ತೆಳುವಾದ ಹಾಳೆಗೆ ಅಷ್ಟು ಶಾಖ ಮುಟ್ಟಿದಾಗ ಏನಾಗುತ್ತದೆ? ಒಂದು ಮೀಟರು ಉದ್ದದ ಉಕ್ಕು ನೂರು ಡಿಗ್ರಿ ಕಾದರೆ ೧.೨ ಮಿಲಿಮೀಟರು ಬೆಳೆಯುತ್ತದೆ. ಕಾದ ಭಾಗ ಬೆಳೆಯಲು ಹವಣಿಸುತ್ತದೆ. ಸುತ್ತಲಿನ ತಣ್ಣನೆಯ ಉಕ್ಕು ಬಿಡುವುದಿಲ್ಲ. ದಾರಿ ಕಾಣದೆ ಅದು ತನ್ನಲ್ಲಿಯೇ ಒತ್ತಿಕೊಂಡು ದಪ್ಪಗಾಗುತ್ತದೆ. ಆರಿದಾಗ ಮೊದಲಿದ್ದುದಕ್ಕಿಂತ ಗಿಡ್ಡವಾಗಿ, ಸುತ್ತಲಿನದನ್ನೆಲ್ಲ ತನ್ನತ್ತ ಜಗ್ಗುತ್ತದೆ. ನುಣುಪಾದ ಮಡ್‌ಗಾರ್ಡು ಹಪ್ಪಳದಂತೆ ಸೊಟ್ಟಗಾಗುವುದು ಈ ಕಾರಣದಿಂದ.

ಆದ್ದರಿಂದ ಬಲ್ಲವನು ಉದ್ದಕ್ಕೆ ಗೆರೆಯೆಳೆದಂತೆ ಬೆಸೆಯುವುದಿಲ್ಲ. ಇಲ್ಲೊಂದು ಚುಕ್ಕೆ, ಅತ್ತ ಕೊನೆಯಲ್ಲೊಂದು, ನಡುವೆ ಒಂದು. ಚುಕ್ಕೆಗಳ ನಡುವಣ ಅಂತರ ಒಂದಂಗುಲಕ್ಕೆ ಇಳಿಯುವವರೆಗೂ ಹಾಗೆಯೇ ಜಿಗಿಯುತ್ತ ಹೋಗುತ್ತಾನೆ. ಆಮೇಲೆ ಆ ಎಡೆಗಳನ್ನು ಒಂದೊಂದಾಗಿ ತುಂಬುತ್ತಾನೆ. ಪ್ರತಿ ಸಲವೂ ಅಂಗೈ ತಾಗಿಸಿ, ಆರಿತೆಂದು ಖಚಿತವಾದ ಮೇಲೆಯೇ ಮುಂದಿನದು. ನಮ್ಮ ಹೆಣ್ಣುಮಕ್ಕಳು ಹೊಸ ಬಟ್ಟೆಗೆ ಹೊಲಿಗೆಗೆ ಮುಂಚೆ ಸಡಿಲವಾಗಿ ದಾರ ಓಡಿಸಿಕೊಳ್ಳುವ ಕ್ರಮವನ್ನು ನೆನೆದರೆ ಇದರ ಮರ್ಮ ತಿಳಿಯುತ್ತದೆ. ಬೆಸುಗೆ ಕುಗ್ಗಿಸಿದ್ದನ್ನು ಸುತ್ತಿಗೆ ಹಿಗ್ಗಿಸಬೇಕು: ಹಿಂಬದಿಯಲ್ಲಿ ಡಾಲಿಯೆಂಬ ಉಕ್ಕಿನ ಗಟ್ಟಿಯನ್ನು ಆನಿಸಿ ಹಿಡಿದು, ಹೊರಗಿನಿಂದ ಬೆಸುಗೆಯ ಗೆರೆಯ ಮೇಲೆಯೇ ಮೆಲ್ಲನೆ ಬಡಿಯುತ್ತಾರೆ. ಗ್ಯಾಸಿನ ಜ್ವಾಲೆಯಲ್ಲೋ ಟಿಗ್ ವಿಧಾನದಲ್ಲೋ ಮಾಡಿದ ಬೆಸುಗೆ ಮೃದುವಾಗಿದ್ದು ಈ ಪೆಟ್ಟನ್ನು ಸಹಿಸುತ್ತದೆ. ಮಿಗ್ ವಿಧಾನದ್ದು ಬೇಗ ಮುಗಿಯುತ್ತದೆ, ಆದರೆ ಗಡುಸು. ೧೯೭೬ರ ಈಚಿನ ಕಾರಾದರೆ ಬೆಸೆಯುವ ಮುನ್ನ ಅಂಚಿನ ಸತುವನ್ನು ಉಜ್ಜಿ ತೆಗೆಯಲೇಬೇಕು. ಉಕ್ಕು ಕರಗುವ ಬಹಳ ಮೊದಲೇ, ೯೦೭ ಡಿಗ್ರಿಯಲ್ಲಿ, ಸತು ಕುದಿದು ಬಿಳಿಯ ಹೊಗೆಯಾಗುತ್ತದೆ. ಅದನ್ನು ಕುಡಿದವನಿಗೆ ರಾತ್ರಿ ಚಳಿಜ್ವರ ತಪ್ಪದು.

ಬೆಸುಗೆಯ ಗೆರೆ ಎಷ್ಟೇ ನಯವಾದರೂ ಕೂದಲೆಳೆಯ ತಗ್ಗುಗಳು ಉಳಿಯುತ್ತವೆ. ಇಂದಿನವರು ಅಲ್ಲಿಗೆ ಪುಟ್ಟಿ ಬಳಿದು ಮುಗಿಸುತ್ತಾರೆ. ತೆಳುವಾಗಿದ್ದರೆ ಅದೇನೂ ಅಪರಾಧವಲ್ಲ. ಹಳಬರ ದಾರಿ ಸೀಸ. ಮೊದಲು ಉಕ್ಕಿನ ಮೈಗೆ ತವರವನ್ನು ತೆಳ್ಳಗೆ ಹಚ್ಚಿ, ಬಿಸಿಯಾಗಿರುವಾಗಲೇ ಬಟ್ಟೆಯಿಂದ ಒರೆಸುತ್ತಾರೆ. ನಮ್ಮ ಬೀದಿಗಳಲ್ಲಿ ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕುವುದನ್ನು ಕಂಡವರು ಜರ್ಮನಿಯ ಕಾರ್ಖಾನೆಯಲ್ಲಿ ಇದನ್ನು ಕಂಡರೂ ಥಟ್ಟನೆ ಗುರುತಿಸುತ್ತಾರೆ. ಅದರ ಮೇಲೆ ಎಪ್ಪತ್ತು ಪಾಲು ಸೀಸ, ಮೂವತ್ತು ಪಾಲು ತವರ ಬೆರೆತ ಸಲಾಕೆ. ಈ ಮಿಶ್ರಣ ೧೮೩ ಡಿಗ್ರಿಯಲ್ಲಿ ಮೆತ್ತಗಾಗತೊಡಗಿದರೂ ಒಮ್ಮೆಲೇ ನೀರಾಗುವುದಿಲ್ಲ. ಕೆಲಕಾಲ ಬೆಣ್ಣೆಯಂತೆ ನಿಲ್ಲುತ್ತದೆ. ಆ ಹೊತ್ತಿನಲ್ಲಿಯೇ ಜೇನುಮೇಣ ಸವರಿದ ಮರದ ಹಲಗೆಯಿಂದ ಅದನ್ನು ನೀವಿ ಹರಡಬೇಕು. ಉರಿ ಹೆಚ್ಚಾದರೆ ಎಲ್ಲವೂ ಕರಗಿ ನೆಲಕ್ಕೆ, ಕಡಮೆಯಾದರೆ ಹೆಪ್ಪು. ಆರಿದ ಮೇಲೆ ಅರದಿಂದ ತೀಡುವುದೇ ಲೇಸು. ಯಂತ್ರದಿಂದ ಉಜ್ಜಿದರೆ ಸೀಸದ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ತವರ ಹಿಡಿಯಲೆಂದು ಹಚ್ಚಿದ ಆಮ್ಲವನ್ನು ಚೆನ್ನಾಗಿ ತೊಳೆಯದೆ ಬಿಟ್ಟರೆ ವರ್ಷ ಕಳೆದ ಮೇಲೆ ಬಣ್ಣ ಗುಳ್ಳೆಯೇಳುತ್ತದೆ.

ನಮ್ಮ ದೇಶದವರಿಗೆ ಈ ವಿಷಯದಲ್ಲಿ ಕಾನೂನಿನ ಮುಖವೂ ಒಂದಿದೆ. ವಾಹನವನ್ನು ಅದರ ತಯಾರಕರು ಕೊಟ್ಟ ರೂಪಕ್ಕೆ ವಿರುದ್ಧವಾಗಿ ಮಾರ್ಪಡಿಸಕೂಡದೆಂದು ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ. ೨೦೨೧ರ ನಿಯಮಗಳು ಐವತ್ತು ವರ್ಷ ದಾಟಿದ ವಾಹನಕ್ಕೆ ವಿಂಟೇಜ್ ಎಂಬ ಪದವಿಯನ್ನು ಕೊಡುವಾಗಲೂ ಮೂಲರೂಪ ಉಳಿದಿರಬೇಕೆಂದು ಕೇಳುತ್ತವೆ. ಜರ್ಮನಿಯಲ್ಲಿ ಮೂವತ್ತು ವರ್ಷ ತುಂಬಿದ ಕಾರಿಗೆ ಪ್ರತ್ಯೇಕವಾದ ನಂಬರು ಫಲಕವುಂಟು. ಅಲ್ಲಿನ ಪರೀಕ್ಷಕರು ಆ ಕಾಲದಲ್ಲಿಯೇ ಬಳಕೆಯಲ್ಲಿದ್ದ ಮಾರ್ಪಾಟನ್ನು ಒಪ್ಪಿಕೊಳ್ಳುತ್ತಾರೆ. ಎಂದರೆ ಮಾರ್ಪಾಟಿಗೂ ಒಂದು ಚರಿತ್ರೆಯಿದೆಯೆಂದು ಅವರು ಒಪ್ಪಿದಂತಾಯಿತು. ಇದು ನನಗೆ ಹೆಚ್ಚು ವಿವೇಕದ ಮಾತಾಗಿ ತೋರುತ್ತದೆ. ಆದರೆ ಸಾಮಾನ್ಯ ೯೧೧ಕ್ಕೆ ಆರ್‌ಎಸ್‌ನ ಅಂಚು ಬೆಸೆದು ಆರ್‌ಎಸ್ ಎಂದೇ ಮಾರುವವನ ಮಾತು ಬೇರೆ. ಒಡಲಿನ ಮೇಲೆ ಕೊರೆದ ಸಂಖ್ಯೆ ಅವನನ್ನು ಇಂದಲ್ಲ ನಾಳೆ ಹಿಡಿದುಕೊಡುತ್ತದೆ.

ಬಣ್ಣ ಬಳಿದಾದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಬೆಸುಗೆಯ ಹಿಂಬದಿಯಲ್ಲಿ ಉಕ್ಕು ಸುಟ್ಟು ಬರಿಮೈಯಾಗಿದೆ. ಅಲ್ಲಿಗೆ ಸಣ್ಣ ಕೊಳವೆ ತೂರಿಸಿ ಕರಗಿದ ಮೇಣವನ್ನು ಸಿಂಪಡಿಸಬೇಕು. ನೀರು ಇಳಿದುಹೋಗುವ ರಂಧ್ರಗಳು ಅದರಿಂದ ಮುಚ್ಚಿಕೊಳ್ಳದಂತೆಯೂ ನೋಡಿಕೊಳ್ಳಬೇಕು. ಕೊಯ್ದು ತೆಗೆದ ತುಂಡುಗಳಲ್ಲಿ ತುಕ್ಕು ತಿನ್ನದೆ ಉಳಿದ ಭಾಗವಿದ್ದರೆ, ಅದನ್ನು ಗುಜರಿಗೆ ಎಸೆಯಬಾರದು. ಎಣ್ಣೆ ಸವರಿ, ಎಡದ್ದು ಬಲದ್ದು ಎಂದು ಸೀಮೆಸುಣ್ಣದಲ್ಲಿ ಬರೆದು, ಅಟ್ಟದ ಮೇಲೆ ಇರಿಸಬೇಕು. ಇನ್ನು ಮೂವತ್ತು ವರ್ಷಗಳ ಮೇಲೆ ಆ ಕಾರಿನ ಒಡೆಯ ಯಾರೋ, ಅವನ ರುಚಿ ಎಂಥದೋ.